ಫೋನಿನ ಆ ಕಡೆ ಅಮ್ಮ

ನಮ್ಮ ಶಾಲೆಯಲ್ಲಿ ಹತ್ತನೇ ತರಗತಿಯವರಿಗೆ ಎರಡು ಪರೀಕ್ಷೆಗಳಿದ್ದವು. ಒಂದು ಸರ್ಕಾರದ್ದು, ಇನ್ನೊಂದು ನಮ್ಮ ಹೆಡ್ಮಿಸ್‌ದು. ಸರ್ಕಾರದ್ದನ್ನು ಬಾಯಿಪಾಠ ಮಾಡಿ ಬರೆದು ಬರಬಹುದಿತ್ತು. ಹೆಡ್ಮಿಸ್‌ದನ್ನು ಮಾಡಿ ತೋರಿಸಬೇಕಿತ್ತು.

ಚಾಮರಾಜಪೇಟೆಯ ಕನ್ನಡ ಮೀಡಿಯಂ ಹುಡುಗಿಯರ ಶಾಲೆ ಅದು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಾವು ಅಲ್ಲಿಗೆ ಸೇರುವುದಕ್ಕೆ ಮುಂಚೆಯೇ ನಡೆದ ಒಂದು ಸಂಗತಿಯಿಂದ ಈ ಎರಡನೇ ಪರೀಕ್ಷೆ ಶುರುವಾಗಿತ್ತು. ನಮ್ಮ ಶಾಲೆಗೆ ಮೊದಲನೆಯವಳಾಗಿ ಪಾಸಾದ ಹುಡುಗಿಯೊಬ್ಬಳಿಗೆ ಯಾವುದೋ ಆಫೀಸಿನಲ್ಲಿ ಕೆಲಸ ಸಿಕ್ಕಿತಂತೆ. ಹೋದ ಮೊದಲ ದಿನವೇ ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಹುಡುಗಿ ಎದ್ದು ನಿಂತು ಅದನ್ನೇ ನೋಡುತ್ತಿದ್ದಳಂತೆ. ಅದು ನಿಂತಿತು, ಮತ್ತೆ ಬಡಿದುಕೊಂಡಿತು. ಕೊನೆಗೆ ಧೈರ್ಯ ಮಾಡಿ ಎತ್ತಿಕೊಂಡವಳು ಕಿವಿಗೆ ಇಡುವ ಕಡೆಯನ್ನು ಬಾಯಿಗೆ ಇಟ್ಟುಕೊಂಡಳು. ಆಫೀಸಿನವರೆಲ್ಲ ನಕ್ಕುಬಿಟ್ಟರು. ಸಂಜೆ ಸೀದಾ ಶಾಲೆಗೆ ಬಂದು ಹೆಡ್ಮಿಸ್ ಮುಂದೆ ಕೂತು ಅತ್ತಳಂತೆ.

"ತಪ್ಪು ಅವಳದಲ್ಲ, ನಮ್ಮದು. ಅಶೋಕ ಎಷ್ಟು ಬಾವಿ ತೋಡಿಸಿದ ಅಂತ ಹೇಳಿಕೊಟ್ವಿ, ಫೋನ್ ಎತ್ತೋದು ಹೇಳಿಕೊಡಲಿಲ್ಲ" ಎಂದು ಹೆಡ್ಮಿಸ್ ಪ್ರತಿ ವರ್ಷ ಹತ್ತನೇ ಕ್ಲಾಸಿನವರಿಗೆ ಈ ಕಥೆ ಹೇಳುತ್ತಿದ್ದರು.

ಹೀಗಾಗಿ ಪ್ರಿಪರೇಟರಿ ಪರೀಕ್ಷೆ ಮುಗಿದ ಮೇಲೆ ಒಂದು ವಾರ ನಮ್ಮನ್ನು ಬೇರೆ ರೀತಿಯಲ್ಲಿ ಪರೀಕ್ಷಿಸುತ್ತಿದ್ದರು. ಪೋಸ್ಟಾಫೀಸಿಗೆ ಒಬ್ಬಳೇ ಹೋಗಿ ತಂತಿ ಕಳಿಸುವ ವಿಚಾರ ತಿಳಿದು ಬರಬೇಕು. ಗುರುತಿಲ್ಲದ ಬೀದಿಗೆ ಹೋಗಿ ಒಂದು ವಿಳಾಸ ಹುಡುಕಬೇಕು. ಕೆಳಗಿನ ತರಗತಿಯವರ ಮುಂದೆ ನಿಂತು ಅವರು ಆಕಳಿಸದ ಹಾಗೆ ಏನಾದರೂ ವಿವರಿಸಬೇಕು. ಕೊನೆಯದು, ಎಲ್ಲರೂ ಹೆದರುತ್ತಿದ್ದದ್ದು, ಫೋನು. ಇದರ ಅಂಕಗಳು ಯಾವ ಮಾರ್ಕ್ಸ್ ಕಾರ್ಡಿಗೂ ಸೇರುತ್ತಿರಲಿಲ್ಲ. ಆದರೂ ಸರ್ಕಾರದ ಪರೀಕ್ಷೆಗಿಂತ ಇದಕ್ಕೇ ನಮ್ಮ ಕೈಕಾಲು ಹೆಚ್ಚು ತಣ್ಣಗಾಗುತ್ತಿದ್ದವು. ಇದರಲ್ಲಿ ಪಕ್ಕದವಳನ್ನು ನೋಡಿ ಬರೆಯುವ ಹಾಗಿರಲಿಲ್ಲ.

ನಮ್ಮ ವಠಾರದಲ್ಲಿ ಯಾರ ಮನೆಯಲ್ಲೂ ಫೋನಿರಲಿಲ್ಲ. ಶಾಲೆಯಲ್ಲಿದ್ದದ್ದು ಒಂದೇ, ಹೆಡ್ಮಿಸ್ ಕೋಣೆಯಲ್ಲಿ. ಕಪ್ಪು ಬಣ್ಣದ ತೂಕದ ಫೋನು, ಯಾರೂ ತಿರುಗಿಸದ ಹಾಗೆ ಡಯಲಿಗೆ ಒಂದು ಪುಟ್ಟ ಬೀಗ. ಕರೆ ಬಂದರೆ ಎತ್ತುವುದಕ್ಕೇನೂ ಬೀಗ ಅಡ್ಡಿಯಿರಲಿಲ್ಲ. ಪರೀಕ್ಷೆಯ ದಿನ ನಾವು ಒಬ್ಬೊಬ್ಬರಾಗಿ ಒಳಗೆ ಹೋಗಿ ಆ ಫೋನಿನ ಮುಂದೆ ಕೂರಬೇಕು. ಅದು ಬಡಿದುಕೊಂಡಾಗ ಎತ್ತಿ ನಮಸ್ಕಾರ ಹೇಳಬೇಕು, ಶಾಲೆಯ ಹೆಸರು ಹೇಳಬೇಕು, ಕರೆ ಮಾಡಿದವರ ಹೆಸರು ಕೇಳಬೇಕು, ವಿಷಯ ಬರೆದುಕೊಳ್ಳಬೇಕು, ಬರೆದದ್ದನ್ನು ಅವರಿಗೇ ಓದಿ ಹೇಳಿ ಸರಿಯಿದೆಯೇ ಎಂದು ಕೇಳಬೇಕು. ಎದುರಿಗೆ ಹೆಡ್ಮಿಸ್ ಕೂತು ನೋಡುತ್ತಿದ್ದರು.

ಕರೆ ಮಾಡುತ್ತಿದ್ದವರು ಶಾಲೆಯ ಹಿಂದಿನ ಬೀದಿಯ ಒಬ್ಬ ತಾತ. ಟೆಲಿಫೋನ್ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಮಗೆಲ್ಲ ಅವರು ಫೋನ್ ತಾತ. ಮೂಲೆಯ ಮೆಡಿಕಲ್ ಸ್ಟೋರಿನ ಫೋನಿನಿಂದ ಕರೆ ಮಾಡಿ, ಒಮ್ಮೆ ಸಿಡುಕು ಮೋರೆಯ ಪಾರ್ಸೆಲ್ ಆಫೀಸಿನವರಾಗುತ್ತಿದ್ದರು, ಒಮ್ಮೆ ಕಿವಿ ಕೇಳದ ಸೋದರಮಾವನಾಗುತ್ತಿದ್ದರು, ಇನ್ನೊಮ್ಮೆ ರಾಂಗ್ ನಂಬರಿಗೆ ಮಾಡಿ ನಮ್ಮನ್ನೇ ಬೈಯುವವರಾಗುತ್ತಿದ್ದರು. ಅಂಗಡಿಯವರ ಮಗಳೂ ನಮ್ಮ ಶಾಲೆಯಲ್ಲೇ ಓದಿದ್ದರಿಂದ ಅವರು ಬೇಡ ಎನ್ನುತ್ತಿರಲಿಲ್ಲ.

ನಾನು ಆಗ ಮಾತೇ ಆಡದ ಹುಡುಗಿ. ಓದುವುದರಲ್ಲಿ ಚೆನ್ನಾಗಿದ್ದೆ, ಲೆಕ್ಕದಲ್ಲಂತೂ ತುಂಬಾ. ಆದರೆ ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಕೈ ಎತ್ತುತ್ತಿರಲಿಲ್ಲ. ಮನೆಯಲ್ಲೂ ಅಷ್ಟೇ. ಅಪ್ಪ ಚಿಕ್ಕಪೇಟೆಯ ಒಂದು ರೇಷ್ಮೆ ಸೀರೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸದಲ್ಲಿದ್ದರು. ಬೆಳಗಿನಿಂದ ಮದುವೆಮನೆಯವರ ಹತ್ತಿರ ಮಾತಾಡಿ ಮಾತಾಡಿ ಮನೆಗೆ ಬರುವಷ್ಟರಲ್ಲಿ ಅವರ ಮಾತೆಲ್ಲ ಖಾಲಿಯಾಗಿರುತ್ತಿತ್ತು. ಅಕ್ಕನಿಗೆ ಎಸ್ಸೆಸ್ಸೆಲ್ಸಿ ಆದ ಕೂಡಲೇ ಮಲ್ಲೇಶ್ವರದ ಕಡೆ ಮದುವೆಯಾಗಿತ್ತು. ಮುಂದಿನ ಸರದಿ ನನ್ನದು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ಅಪ್ಪ ಅಂಗಡಿಯಲ್ಲಿ ಒಂದು ಸೀರೆಯನ್ನು ನೋಡಿಟ್ಟಿದ್ದೇನೆ ಎಂದು ಒಂದು ದಿನ ಅಮ್ಮನಿಗೆ ಹೇಳಿದ್ದು ಮಾತ್ರ ನನ್ನ ಕಿವಿಗೆ ಬಿದ್ದಿತ್ತು.

ಕಾಲೇಜಿಗೆ ಹೋಗಬೇಕೆಂಬ ಆಸೆ ನನಗೆ ಎಂಟನೇ ಕ್ಲಾಸಿನಿಂದಲೂ ಇತ್ತು. ಅದನ್ನು ನನ್ನ ಪಕ್ಕ ಕೂರುತ್ತಿದ್ದ ಗೆಳತಿಗೆ ಮಾತ್ರ ಹೇಳಿದ್ದೆ. ಅವಳು, "ನಂಗೆ ಹೇಳಿ ಏನ್ ಪ್ರಯೋಜನ? ನಿಮ್ಮಪ್ಪಂಗೆ ಹೇಳು" ಎಂದಿದ್ದಳು. ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಅಪ್ಪ ಊಟಕ್ಕೆ ಕೂತಾಗ ಎಷ್ಟೋ ಸಲ ಬಾಯಿಯವರೆಗೂ ತಂದಿದ್ದೆ. ಅವರು ಸಾರು ಕೇಳುತ್ತಿದ್ದರು, ನಾನು ಸಾರು ಬಡಿಸುತ್ತಿದ್ದೆ.

ಫೋನಿನ ಪರೀಕ್ಷೆಗೆ ಮುಂಚೆ ಮನೆಯಲ್ಲಿ ಸೌಟು ಹಿಡಿದುಕೊಂಡು ಅಭ್ಯಾಸ ಮಾಡುತ್ತಿದ್ದೆ. ಸೌಟಿನ ಬಟ್ಟಲು ಕಿವಿಗೆ, ಹಿಡಿ ಬಾಯಿಗೆ. "ನಮಸ್ಕಾರ, ಬಾಲಕಿಯರ ಪ್ರೌಢಶಾಲೆ" ಎಂದು ಗೋಡೆಗೆ ಹೇಳುತ್ತಿದ್ದೆ. ಅಮ್ಮ ರಾಗಿ ಕೇರುತ್ತಾ ಕೇಳುತ್ತಿದ್ದಳು.

"ಆ ಕಡೆ ಯಾರೇ ಇದಾರೆ?"

"ಯಾರೂ ಇಲ್ಲ ಕಣಮ್ಮಾ, ಸುಮ್ನೆ."

"ಯಾರೂ ಇಲ್ದಿದ್ರೆ ಎಷ್ಟು ಚೆನ್ನಾಗಿ ಮಾತಾಡ್ತೀಯಲ್ಲೇ!"

ಪರೀಕ್ಷೆಯ ದಿನ ಬಂತು. ನಾವೆಲ್ಲ ಹೆಡ್ಮಿಸ್ ಕೋಣೆಯ ಹೊರಗಿನ ಜಗುಲಿಯಲ್ಲಿ ಸಾಲಾಗಿ ಕೂತಿದ್ದೆವು. ಫೋನ್ ತಾತ ಬಂದರು, ಕೊರಳಿಗೆ ಉಣ್ಣೆಯ ಮಫ್ಲರು ಸುತ್ತಿಕೊಂಡಿದ್ದರು. ಹೆಡ್ಮಿಸ್ ಏನೋ ಕೇಳಿದರೆ ಬಾಯಿ ತೆರೆದರು, ಬರೀ ಗಾಳಿ ಬಂತು. ಗಂಟಲು ಕಟ್ಟಿಹೋಗಿತ್ತು. ಕೈಯಲ್ಲಿ ತಾವು ಹೇಳಬೇಕಾದ ಮಾತುಗಳನ್ನು ಬರೆದುಕೊಂಡ ಚೀಟಿಗಳಿದ್ದವು, ಹೇಳುವ ಧ್ವನಿ ಇರಲಿಲ್ಲ. ಉಳಿದ ಮಿಸ್‌ಗಳ ಧ್ವನಿ ನಮಗೆ ಗುರುತಿತ್ತು. ಅವರು ಯಾರೂ ಕರೆ ಮಾಡುವ ಹಾಗಿರಲಿಲ್ಲ. ಇವತ್ತಿಗೆ ತಪ್ಪಿತು ಎಂದು ನಾವು ಒಬ್ಬರನ್ನೊಬ್ಬರು ಚಿವುಟಿಕೊಂಡು ಸಂತೋಷಪಡುತ್ತಿದ್ದೆವು.

ಆಗ ಅಮ್ಮ ಗೇಟಿನೊಳಗೆ ಬಂದಳು. ಹೆದರಿಕೆಯಲ್ಲಿ ನಾನು ಊಟದ ಡಬ್ಬಿ ಮನೆಯಲ್ಲೇ ಬಿಟ್ಟು ಬಂದಿದ್ದೆ. ಅದನ್ನು ನನ್ನ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು ಹೊರಡುವಷ್ಟರಲ್ಲಿ ಹೆಡ್ಮಿಸ್ ಬಾಗಿಲಿಗೆ ಬಂದರು.

"ಸ್ವಲ್ಪ ನಿಲ್ಲಿ. ನಿಮಗೆ ಫೋನಲ್ಲಿ ಮಾತಾಡಿ ಅಭ್ಯಾಸ ಇದೆಯಾ?"

"ಅಯ್ಯೋ, ಇಲ್ಲ ಮಿಸ್. ಮುಟ್ಟಿಯೂ ಇಲ್ಲ."

"ಮಾತಾಡೋಕೆ ಬರುತ್ತಲ್ಲ?"

ಅಮ್ಮ ನನ್ನ ಮುಖ ನೋಡಿದಳು. "ಮಾತಾಡೋಕೆ... ಬರುತ್ತೆ."

"ಅಷ್ಟು ಸಾಕು. ಓದೋಕೆ?"

"ಐದನೇ ಕ್ಲಾಸ್ ತನಕ ಓದಿದೀನಿ."

ಹೆಡ್ಮಿಸ್ ತಾತನ ಕೈಯ ಚೀಟಿಗಳನ್ನು ಇಸಿದುಕೊಂಡು ಅಮ್ಮನ ಕೈಗಿಟ್ಟರು. ಅಮ್ಮ ಬೇಡ ಬೇಡ ಎನ್ನುತ್ತಲೇ ಇದ್ದಳು. ಅನ್ನಕ್ಕೆ ಇಡಬೇಕು ಎಂದಳು, ನೀರು ಹಿಡಿಯಬೇಕು ಎಂದಳು. ಆದರೆ ಹೆಡ್ಮಿಸ್ ಮುಂದೆ ಬೇಡ ಎಂದು ಗೆದ್ದವರನ್ನು ನಾನು ನೋಡಿಲ್ಲ. ತಾತ ಮುಂದೆ, ಅಮ್ಮ ಹಿಂದೆ, ಇಬ್ಬರೂ ಗೇಟು ದಾಟಿ ಮೆಡಿಕಲ್ ಸ್ಟೋರಿನ ಕಡೆ ತಿರುಗಿದರು. ನನಗೆ ನನ್ನ ಪರೀಕ್ಷೆಯ ಚಿಂತೆ ಹೋಗಿ ಅಮ್ಮನ ಪರೀಕ್ಷೆಯ ಚಿಂತೆ ಶುರುವಾಯಿತು.

ಮೊದಲು ಒಳಗೆ ಹೋದವಳು ನನ್ನ ಗೆಳತಿ. ಫೋನು ಬಡಿದುಕೊಂಡಿತು. "ನಮಸ್ಕಾರ! ಬಾಲಕಿಯರ ಪ್ರೌಢಶಾಲೆ!" ಎಂದು ಅವಳು ಕಿರುಚಿದ್ದು ಜಗುಲಿಯವರೆಗೂ ಕೇಳಿಸಿತು. ಆಮೇಲೆ "ಹಲೋ, ಹಲೋ" ಎಂದು ಒಂದೇ ಸಮ ಕೂಗಿದಳು. ಕೊನೆಗೆ ಸುಮ್ಮನಾದಳು. ಹೊರಗೆ ಬಂದವಳನ್ನು ನಾವೆಲ್ಲ ಸುತ್ತಿಕೊಂಡೆವು.

"ಮೊದ್ಲು ಏನೂ ಮಾತೇ ಇಲ್ಲ ಕಣೆ. ಬರೀ ಬಳೆ ಶಬ್ದ. ಆಮೇಲೆ ನಿಮ್ಮಮ್ಮ, ಕೂಗಬೇಡಮ್ಮ, ನಂಗೆ ಚೆನ್ನಾಗಿ ಕೇಳಿಸುತ್ತೆ ಅಂದ್ರು!"

ಎರಡನೆಯವಳಿಗೆ ಅಮ್ಮ ಚೀಟಿಯಲ್ಲಿದ್ದ ಪಾರ್ಸೆಲ್ ವಿಷಯವನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿದಳಂತೆ. ಮೂರನೆಯವಳ ಹೊತ್ತಿಗೆ ಅಮ್ಮ ಚೀಟಿಯನ್ನು ಬದಿಗಿಟ್ಟಳು. ಇಲ್ಲದ ಪಾರ್ಸೆಲ್ಲು ಬಂತು ಎಂದು ಹೇಗೆ ಹೇಳುವುದು ಎಂದು ತಾತನನ್ನು ಕೇಳಿದಳಂತೆ. ಅಲ್ಲಿಂದ ಮುಂದೆ ತನಗೆ ನಿಜವಾಗಿ ತಿಳಿಯಬೇಕಾಗಿದ್ದನ್ನೇ ಕೇಳತೊಡಗಿದಳು. ಶಾಲೆಯ ನಲ್ಲಿಯಲ್ಲಿ ಮಧ್ಯಾಹ್ನವೂ ನೀರು ಬರುತ್ತದೆಯೇ? ಪರೀಕ್ಷೆ ಹತ್ತಿರ ಬಂದಾಗ ಹುಡುಗಿಯರು ಊಟ ಸೇರುವುದಿಲ್ಲ ಎನ್ನುತ್ತಾರಲ್ಲ, ಏನು ಮಾಡಬೇಕು? ಎಸ್ಸೆಸ್ಸೆಲ್ಸಿ ಪರೀಕ್ಷೆ ಬೇರೆ ಶಾಲೆಯಲ್ಲಿ ನಡೆಯುತ್ತದಂತೆ, ಅಲ್ಲಿಗೆ ತಾಯಂದಿರು ಜೊತೆಗೆ ಬರಬಹುದೇ? ಹುಡುಗಿಯರಿಗೆ ಇಂಥ ಪ್ರಶ್ನೆಗಳಿಗೆ ತಯಾರಿ ಇರಲಿಲ್ಲ. ತಾತ ಕೊಡುತ್ತಿದ್ದ ರೈಲಿನ ಹೊತ್ತು, ಪಾರ್ಸೆಲ್ ಸಂಖ್ಯೆ ಎಲ್ಲ ಬರೆದುಕೊಂಡು ಓದಿ ಹೇಳುವಂಥವು. ಅಮ್ಮನಿಗೆ ಯೋಚನೆ ಮಾಡಿ ಉತ್ತರ ಹೇಳಬೇಕಿತ್ತು. ಹೊರಗೆ ಬಂದವರೆಲ್ಲ, "ನಿಮ್ಮಮ್ಮ ತುಂಬಾ ಕಷ್ಟ ಕಣೆ" ಎಂದು ನನ್ನನ್ನು ದುರುಗುಟ್ಟಿ ನೋಡಿದರು. ಒಳಗೆ ಹೆಡ್ಮಿಸ್ ನಗುವ ಸದ್ದು ಕೇಳಿಸುತ್ತಿತ್ತು.

ನನ್ನ ಸರದಿ ಬಂತು. ಕುರ್ಚಿಯಲ್ಲಿ ಕೂತೆ. ಮುಂದೆ ಕಾಗದ, ಪೆನ್ಸಿಲ್ಲು. ಫೋನು ಬಡಿದುಕೊಂಡಿತು. ಎತ್ತಿದೆ. ರಿಸೀವರು ಎಣಿಸಿದ್ದಕ್ಕಿಂತ ಭಾರವಾಗಿತ್ತು.

"ನಮಸ್ಕಾರ. ಬಾಲಕಿಯರ ಪ್ರೌಢಶಾಲೆ. ಹೇಳಿ."

ನನ್ನ ಧ್ವನಿ ಅಮ್ಮನಿಗೆ ಗೊತ್ತಾಗಿಹೋಗಿತ್ತು. ಫೋನಿನೊಳಗೆ ಬಸ್ಸೊಂದು ಹೋದ ಸದ್ದು ಕೇಳಿತು. ಅದೇ ಬಸ್ಸು ಸ್ವಲ್ಪ ಹೊತ್ತಿನಲ್ಲಿ ನಮ್ಮ ಕಿಟಕಿಯ ಹೊರಗೂ ಹೋಯಿತು.

"ನಮಸ್ಕಾರ," ಎಂದಳು ಅಮ್ಮ. "ನಿಮ್ಮನ್ನ ಒಂದು ವಿಷಯ ಕೇಳಬೇಕಿತ್ತು."

ಹುಟ್ಟಿದ ಮೇಲೆ ಅಮ್ಮ ನನ್ನನ್ನು ನೀವು ಎಂದದ್ದು ಅದೇ ಮೊದಲು. ಆ ಧ್ವನಿ ಅಮ್ಮನದೇ, ಆದರೆ ಯಾರೋ ಮರ್ಯಾದೆಯ ಹೆಂಗಸು ನಮ್ಮ ಮನೆ ಬಾಗಿಲಿಗೆ ಬಂದು ನಿಂತ ಹಾಗಿತ್ತು. ನಾನೂ ಹಾಗೇ ಹೇಳಿದೆ.

"ಕೇಳಿ."

"ನಮ್ಮನೇಲಿ ಒಬ್ಳು ಹುಡುಗಿ ಇದಾಳೆ. ಈ ಸಲ ಎಸ್ಸೆಸ್ಸೆಲ್ಸಿ. ಅದಾದ್ಮೇಲೆ ಏನು ಓದಬಹುದು?"

ಬರೆಯಲು ಎತ್ತಿದ ಪೆನ್ಸಿಲ್ಲನ್ನು ಹಾಗೇ ಹಿಡಿದುಕೊಂಡೆ. ಹೆಡ್ಮಿಸ್‌ಗೆ ನನ್ನ ಮಾತು ಮಾತ್ರ ಕೇಳುತ್ತಿತ್ತು, ಅಮ್ಮನದು ಕೇಳುತ್ತಿರಲಿಲ್ಲ. ಅವರು ಮುಂದುವರಿಸು ಎನ್ನುವ ಹಾಗೆ ತಲೆಯಾಡಿಸಿದರು.

"ಪಿಯುಸಿ ಓದಬಹುದು. ಸೈನ್ಸ್ ಇದೆ, ಆರ್ಟ್ಸ್ ಇದೆ, ಕಾಮರ್ಸ್ ಇದೆ."

"ಅವಳಿಗೆ ಯಾವುದು ಸರಿಹೋಗುತ್ತೆ?"

"ಅವಳಿಗೆ ಲೆಕ್ಕ ಚೆನ್ನಾಗಿ ಬರುತ್ತೆ. ಕಾಮರ್ಸ್ ಸರಿಹೋಗುತ್ತೆ."

"ಕಾಲೇಜು ದೂರಾನಾ?"

"ಬಸವನಗುಡೀಲಿದೆ. ನಡ್ಕೊಂಡೇ ಹೋಗಬಹುದು."

"ಹುಡುಗೀರು ಮಾತ್ರ ಇರ್ತಾರಾ?"

"ಹೌದು."

ಆ ಕಡೆ ಬಳೆ ಮೇಜಿಗೆ ತಾಗಿದ ಸದ್ದಾಯಿತು.

"ಅವಳಿಗೆ ಹೋಗೋಕೆ ಇಷ್ಟ ಇದೆಯಾ?"

ನಾನು ಎದುರಿಗಿದ್ದ ಹೆಡ್ಮಿಸ್ ಕಡೆ ನೋಡಲಿಲ್ಲ. ಡಯಲಿನ ಬೀಗವನ್ನೇ ನೋಡುತ್ತಾ ಹೇಳಿದೆ.

"ಇದೆ. ತುಂಬಾ ಇದೆ."

"ಮತ್ತೆ ಯಾಕೆ ಹೇಳ್ಲಿಲ್ಲ ಅವಳು?"

"ಯಾರೂ ಕೇಳ್ಲಿಲ್ಲ."

ಹೇಳಿದ ಮೇಲೆ ಅಯ್ಯೋ ಎನಿಸಿತು. ಅಮ್ಮನನ್ನು ಎದುರಿಗಿಟ್ಟುಕೊಂಡು ಆ ಮಾತು ನನ್ನ ಬಾಯಿಂದ ಬರುತ್ತಿರಲಿಲ್ಲ. ಆ ಕಡೆ ಅಮ್ಮ ಉಸಿರು ಎಳೆದುಕೊಂಡದ್ದು ಕಿವಿಗೇ ತಾಗಿತು.

"ಹೌದು, ಕೇಳಬೇಕಾಗಿತ್ತು," ಎಂದಳು. "ಅವಳ ತಂದೆ ಹತ್ರ ಯಾರು ಹೇಳಬೇಕು?"

"ಅವಳೇ ಹೇಳ್ತಾಳೆ. ಪಕ್ಕದಲ್ಲಿ ನೀವು ಕೂತಿದ್ರೆ."

"ಕೂತ್ಕೋತೀನಿ. ಭಾನುವಾರ ಅವರು ಮನೇಲಿರ್ತಾರೆ."

ಬರೆದದ್ದನ್ನು ಓದಿ ಹೇಳಬೇಕೆಂಬುದು ಆಗ ನೆನಪಾಯಿತು. ಕಾಗದದ ಮೇಲೆ ನಾನು ಒಂದಕ್ಷರವನ್ನೂ ಬರೆದಿರಲಿಲ್ಲ. ಆದರೂ ಓದುವವಳ ಹಾಗೆಯೇ ಹೇಳಿದೆ.

"ನೀವು ಹೇಳಿದ್ದನ್ನ ಇನ್ನೊಂದ್ಸಲ ಹೇಳ್ತೀನಿ, ಸರಿಯಾಗಿದೆಯಾ ನೋಡಿ. ನಿಮ್ಮನೇಲಿ ಒಬ್ಳು ಹುಡುಗಿ ಇದಾಳೆ. ಲೆಕ್ಕ ಚೆನ್ನಾಗಿ ಬರುತ್ತೆ. ಬಸವನಗುಡಿ ಕಾಲೇಜಲ್ಲಿ ಕಾಮರ್ಸ್ ಓದೋಕೆ ಇಷ್ಟ ಇದೆ. ಭಾನುವಾರ ತಂದೆ ಹತ್ರ ಅವಳೇ ಮಾತಾಡ್ತಾಳೆ. ಪಕ್ಕದಲ್ಲಿ ತಾಯಿ ಇರ್ತಾರೆ."

"ಸರಿಯಾಗಿದೆ," ಎಂದಳು ಅಮ್ಮ. ಆಮೇಲೆ ಮೆಲ್ಲಗೆ, "ಡಬ್ಬೀಲಿ ಚಿತ್ರಾನ್ನ ಇದೆ, ತಿನ್ನು" ಎಂದು ಇಟ್ಟುಬಿಟ್ಟಳು.

ರಿಸೀವರನ್ನು ನಾನೂ ಇಟ್ಟೆ. ಹೆಡ್ಮಿಸ್ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ಮತ್ತೆ ಹಾಕಿಕೊಂಡು ಅಂಕ ಬರೆದರು.

"ಎರಡು ಅಂಕ ಕಡಿಮೆ," ಎಂದರು.

"ಯಾಕೆ ಮಿಸ್?"

"ಒಂದಕ್ಷರ ಬರೆದುಕೊಳ್ಳಲಿಲ್ಲ. ಕರೆ ಮಾಡಿದವರ ಹೆಸರೂ ಕೇಳಲಿಲ್ಲ ನೀನು."

"ಮಿಸ್, ಅಮ್ಮನ ಹೆಸರು ಕೇಳೋದಾ?"

"ನಿನಗೆ ಅಮ್ಮ. ಫೋನಿಗೆ ಅಮ್ಮ ಗಿಮ್ಮ ಎಲ್ಲ ಇಲ್ಲ. ಹೋಗು, ಮುಂದಿನವಳನ್ನ ಕಳಿಸು."

ಎಲ್ಲ ಮುಗಿಯುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಅಮ್ಮ ಮತ್ತು ತಾತ ವಾಪಸು ಬಂದರು. ಹೆಡ್ಮಿಸ್ ಅಮ್ಮನಿಗೆ ತಮ್ಮ ಎದುರಿನ ಕುರ್ಚಿ ತೋರಿಸಿ ಕಾಫಿ ತರಿಸಿದರು. ಅಮ್ಮ ಕುರ್ಚಿಯ ತುದಿಯಲ್ಲಿ ಕೂತು, ಫೋನೆಲ್ಲ ಕೆಮ್ಮಿನ ಔಷಧದ ವಾಸನೆ ಎಂದು ದೂರಿದಳು. ತಾತ ಒಂದು ಚೀಟಿಯ ಹಿಂದೆ, 'ನನಗಿಂತ ಇವರೇ ವಾಸಿ. ನಾನು ಸುಳ್ಳು ಕೇಳುತ್ತಿದ್ದೆ' ಎಂದು ಬರೆದು ಹೆಡ್ಮಿಸ್ ಕಡೆ ತಳ್ಳಿದರು. ಬಾಗಿಲಲ್ಲಿ ನಿಂತಿದ್ದ ನನ್ನ ಕಡೆ ಅಮ್ಮ ನೋಡಲೇ ಇಲ್ಲ. ಅಂದು ಸಂಜೆಯೂ ಮನೆಯಲ್ಲಿ ಆ ವಿಷಯ ಎತ್ತಲಿಲ್ಲ. ಫೋನಿನಲ್ಲಿ ಮಾತಾಡಿದ ಇಬ್ಬರು ಬೇರೆ, ಅಡುಗೆಮನೆಯಲ್ಲಿ ಬೀನ್ಸ್ ಬಿಡಿಸುತ್ತಿದ್ದ ಇಬ್ಬರು ಬೇರೆ ಎಂಬಂತೆ ಇದ್ದೆವು. ಆದರೆ ಅಮ್ಮ ಅಂದು ಎರಡು ಮೂರು ಸಲ ಕಾರಣವಿಲ್ಲದೆ ನನ್ನ ತಲೆ ಸವರಿದಳು.

ಭಾನುವಾರ ಬೆಳಿಗ್ಗೆ ಅಪ್ಪ ಎಣ್ಣೆ ಸ್ನಾನ ಮಾಡಿ ಪೇಪರು ಓದುತ್ತಾ ಕೂತಿದ್ದರು. ಅಮ್ಮ ಕೈಯೊರೆಸಿಕೊಂಡು ಬಂದು ಅವರ ಪಕ್ಕದ ಚಾಪೆಯ ಮೇಲೆ ಕೂತಳು. ಅಮ್ಮ ಆ ಹೊತ್ತಿನಲ್ಲಿ ಕೂತದ್ದನ್ನು ಎಂದೂ ಕಾಣದ ಅಪ್ಪ ಪೇಪರು ಇಳಿಸಿದರು.

"ಏನು?"

"ಅವಳು ಏನೋ ಹೇಳಬೇಕಂತೆ, ಕೇಳಿ."

ನಾನು ನಿಂತುಕೊಂಡೇ ಹೇಳಿದೆ. ಮನಸ್ಸಿನಲ್ಲಿ ರಿಸೀವರು ಹಿಡಿದುಕೊಂಡಿದ್ದೆ. "ಅಪ್ಪಾ, ಒಂದು ವಿಷಯ ಹೇಳಬೇಕು. ನಂಗೆ ಪಿಯುಸಿ ಓದಬೇಕು ಅಂತ ಇದೆ. ಕಾಮರ್ಸ್. ಬಸವನಗುಡಿ ಹುಡುಗೀರ ಕಾಲೇಜು. ನಡ್ಕೊಂಡೇ ಹೋಗಿಬರ್ತೀನಿ." ಅಲ್ಲಿಗೆ ನಿಲ್ಲಿಸಬೇಕಿತ್ತು. ಅಭ್ಯಾಸಬಲ, "ಇನ್ನೊಂದ್ಸಲ ಹೇಳ್ಲಾ?" ಎಂದೂ ಕೇಳಿಬಿಟ್ಟೆ.

ಅಪ್ಪ ನಕ್ಕರು. ಅಪ್ಪ ಮನೆಯಲ್ಲಿ ನಗುವುದು ಅಪರೂಪ. ಆಮೇಲೆ ಗಂಭೀರವಾದರು. "ದೊಡ್ಡವಳಿಗೆ ಒಂಥರ, ಇವಳಿಗೆ ಒಂಥರ ಮಾಡಿದ್ರೆ ಅವಳು ಏನಂದ್ಕೋತಾಳೆ? ಹೆಚ್ಚು ಓದಿಸಿದ್ರೆ ಅಷ್ಟೇ ಓದಿದ ಗಂಡು ಹುಡುಕಬೇಕು. ನನ್ನ ಕೈಲಾಗುತ್ತಾ?"

"ದೊಡ್ಡವಳನ್ನೂ ನಾವು ಕೇಳ್ಲಿಲ್ಲ ರೀ," ಎಂದಳು ಅಮ್ಮ. "ಹೇಳಿದ್ವಿ, ಹ್ಞೂಂ ಅಂದ್ಲು. ಕೇಳ್ಲಿಲ್ಲ."

ಅಪ್ಪ ಪೇಪರನ್ನು ಮಡಿಸಿದರು, ಮತ್ತೆ ಬಿಡಿಸಿದರು, ಮತ್ತೆ ಮಡಿಸಿದರು. ಸೀರೆ ಮಡಿಸುವ ಕೈ ಅದು, ಅಂಚಿಗೆ ಅಂಚು ಕೂಡಿಸಿಯೇ ಇಟ್ಟರು. ಆಮೇಲೆ ನನ್ನ ಕಡೆ ನೋಡಿದರು.

"ಮೊದ್ಲು ಪಾಸಾಗು."

ನಮ್ಮ ಮನೆಯಲ್ಲಿ ಅದಕ್ಕೆ ಆಗಲಿ ಎಂದೇ ಅರ್ಥ. ಅಮ್ಮ ಎದ್ದು ಒಳಗೆ ಹೋಗಿ ಒಗ್ಗರಣೆಗಿಟ್ಟಳು.

ಪಾಸಾದೆ. ಫಸ್ಟ್ ಕ್ಲಾಸಿನಲ್ಲೇ ಪಾಸಾದೆ. ಫಲಿತಾಂಶದ ದಿನ ಹೆಡ್ಮಿಸ್ ಎಲ್ಲರಿಗೂ ಸಕ್ಕರೆ ಹಂಚಿದರು. ಅವರು ನಿವೃತ್ತರಾದ ಮೇಲೆ ಬಂದವರು ಪಠ್ಯಕ್ರಮದಲ್ಲಿಲ್ಲದ್ದನ್ನು ಮಾಡಲು ಒಪ್ಪದೆ ಆ ಪರೀಕ್ಷೆಯನ್ನು ನಿಲ್ಲಿಸಿದರೆಂದು ಆಮೇಲೆ ಕೇಳಿದೆ.

ಕಾಲೇಜಿನ ಅರ್ಜಿ ತರಲು ಅಮ್ಮನೂ ನಾನೂ ನಡೆದೇ ಹೊರಟೆವು. ಮಕ್ಕಳಕೂಟ ದಾಟುವಷ್ಟರಲ್ಲಿ ಅಮ್ಮನಿಗೆ ಬೆವರು. "ನಡ್ಕೊಂಡೇ ಹೋಗಬಹುದು ಅಂತ ಯಾರೋ ಹೇಳಿದ್ರು" ಎಂದು ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದಳು. ಆ ಫೋನಿನ ಮಾತು ನಮ್ಮ ನಡುವೆ ಎದ್ದದ್ದು ಅದೊಂದೇ ಸಲ. ಇಬ್ಬರೂ ನಕ್ಕೆವು.

ಕಾಲೇಜಿನ ಕಚೇರಿಯ ಕಿಟಕಿಯಲ್ಲಿ ಉದ್ದ ಸಾಲು. ನಮ್ಮ ಸರದಿ ಬಂದಾಗ ಗುಮಾಸ್ತರು ತಲೆಯೆತ್ತದೆ ಅರ್ಜಿಯನ್ನು ಈಚೆ ತಳ್ಳಿದರು. ನಾನು ತೆಗೆದುಕೊಂಡು ಪಕ್ಕಕ್ಕೆ ಸರಿದೆ. ಅಮ್ಮ ಸರಿಯಲಿಲ್ಲ.

"ಒಂದು ವಿಷಯ ಕೇಳಬೇಕಿತ್ತು," ಎಂದಳು.

"ಎಲ್ಲ ಅರ್ಜೀಲೇ ಬರೆದಿದೆ ಅಮ್ಮ, ಓದ್ಕೊಳ್ಳಿ."

"ಅದ್ರಲ್ಲಿ ಬರೆದಿರಲ್ಲ ಸ್ವಾಮಿ. ಮಧ್ಯಾಹ್ನ ಹುಡುಗೀರು ಕೂತು ಊಟ ಮಾಡೋಕೆ ನೆರಳಿದೆಯಾ? ಮಳೆ ಬಂದ್ರೆ ಎಲ್ಲಿ ಕೂರ್ತಾರೆ?"

ಸಾಲಿನಲ್ಲಿದ್ದವರು ನಕ್ಕರು. ಗುಮಾಸ್ತರು ತಲೆಯೆತ್ತಿ ಅಮ್ಮನನ್ನು ನೋಡಿದರು. ಪೆನ್ನು ಕೆಳಗಿಟ್ಟು ಎದ್ದರು. ಕಿಟಕಿಯ ಪಕ್ಕದ ಬಾಗಿಲು ತೆಗೆದು ಹೊರಗೆ ಬಂದು, "ಬನ್ನಿ, ತೋರಿಸ್ತೀನಿ" ಎಂದು ಮುಂದೆ ನಡೆದರು. ಅಮ್ಮ ಚಪ್ಪಲಿ ಬಿಡಬೇಕೋ ಬೇಡವೋ ಎಂದು ಒಂದು ಕ್ಷಣ ಅನುಮಾನಿಸಿ, ಹಾಕಿಕೊಂಡೇ ಅವರ ಹಿಂದೆ ಹೋದಳು. ನಾನು ಅರ್ಜಿ ಹಿಡಿದುಕೊಂಡು ಅವಳ ಹಿಂದೆ.